ಸೋತವನ ಶವ

‘ಗೆದ್ದವ ಸೋತ, ಸೋತವ ಸತ್ತ.’ ದಾಯಾದಿಗಳ ಜಗಳ ಕೋರ್ಟು ಮೆಟ್ಟಿಲು ಹತ್ತುವಾಗ ಹಿರಿಯರು ಹೇಳುವ ಗಾದೆ. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಸಾಲು ದಾಟಿ ಬೆಂಗಳೂರಿನ ಮಾರ್ಕೆಟ್ಟಿನತ್ತ ನಡೆದಾಗಲೆಲ್ಲ ನನಗದು ನೆನಪಾಗುತ್ತದೆ. ಆಚೆ ಕೋಟೆಯಿದೆಯಲ್ಲ, ಅದಕ್ಕೆ.

1791ರ ಮಾರ್ಚ್ 7ರಂದು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಈ ಪೇಟೆಯನ್ನು ಹಿಡಿಯಿತು. 21ರ ಬೆಳದಿಂಗಳ ರಾತ್ರಿ, ಫಿರಂಗಿ ಒಡೆದ ಗೋಡೆ ಹತ್ತಿ ಕೋಟೆಯೊಳಕ್ಕೆ ನುಗ್ಗಿತು. ಗೆದ್ದವನ ಪಾಡೇನಾಯಿತು? ಎರಡು ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಎತ್ತುಗಳು ಸತ್ತು, ಎಳೆಯಲಾಗದ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಹಿಂದಕ್ಕೆ ಬಂದ. ಸೋತವನು ಟಿಪ್ಪು ಸುಲ್ತಾನನ ಕಿಲ್ಲೇದಾರ ಬಹಾದೂರ್ ಖಾನ್. ಸುಮಾರು 70ರ ಪ್ರಾಯ, ಉದ್ದನೆಯ ಬಿಳಿ ಗಡ್ಡ. ಕಾದಾಡುತ್ತಲೇ ಮೈತುಂಬ ಗಾಯವಾಗಿ ಬಿದ್ದ. ಆ ರಾತ್ರಿ ಅವನೊಡನೆ ಸತ್ತವರು ಸಾವಿರಕ್ಕೂ ಹೆಚ್ಚು.

ಗಾದೆ ‘ಸತ್ತ’ ಎಂಬಲ್ಲಿಗೆ ಮುಗಿಯುತ್ತದೆ. ಹೋಮರನ ‘ಇಲಿಯಡ್’ ಅಲ್ಲಿಂದಾಚೆಗೂ ಹೋಗುತ್ತದೆ. ಅದರ ವೀರರು ಬಯಸುವುದು ‘ಕ್ಲೆಯೊಸ್’, ಅಂದರೆ ಜನರ ಕಿವಿಯಲ್ಲಿ ಉಳಿಯುವ ಹೆಸರು. ಸಂಸ್ಕೃತದ ‘ಶ್ರವಸ್’ ಅದರ ಒಡಹುಟ್ಟು. ಆ ಹೆಸರಿಗಾಗಿ ಅಖಿಲೀಸ್ ದೀರ್ಘಾಯುಸ್ಸನ್ನೇ ಬಿಟ್ಟುಕೊಟ್ಟವನು. ಆದರೂ ಟ್ರಾಯ್‌ನ ವೀರ ಹೆಕ್ಟರನನ್ನು ಕೊಂದು, ಶವವನ್ನು ರಥಕ್ಕೆ ಕಟ್ಟಿ ಎಳೆದಾಡಿದಾಗ ಅವನು ಬರೀ ಕೊಂದವನು. 24ನೆಯ ಸರ್ಗದಲ್ಲಿ ಮುದಿ ತಂದೆ ಪ್ರಿಯಾಮ್ ಇರುಳಲ್ಲಿ ಅವನ ಡೇರೆಗೆ ಬಂದು, ಮಗನನ್ನು ಕೊಂದ ಅದೇ ಕೈಗಳಿಗೆ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ. ಅಖಿಲೀಸ್ ಶವವನ್ನು ತೊಳೆಸಿ, ಬಟ್ಟೆ ಹೊದಿಸಿ, ತಾನೇ ಎತ್ತಿ ಚಟ್ಟದ ಮೇಲಿಡುತ್ತಾನೆ. ನನ್ನ ಮಟ್ಟಿಗೆ ಅವನು ವೀರನಾಗುವುದು ಆ ಗಳಿಗೆಯಲ್ಲಿ. ಕಾವ್ಯ ಮುಗಿಯುವುದೂ ಹೆಕ್ಟರನ ಉತ್ತರಕ್ರಿಯೆಯಲ್ಲೇ. ಟ್ರಾಯ್ ಇನ್ನೂ ಬಿದ್ದಿರುವುದಿಲ್ಲ.

ಸೊಫೋಕ್ಲಿಸನ ‘ಅಯಾಸ್’ ನಾಟಕದ ಉತ್ತರಾರ್ಧವೂ ಇದೇ: ಹಗೆಯ ಹೆಣಕ್ಕೆ ಮಣ್ಣು ಸಲ್ಲಬೇಕೆ? ಬಿ.ಎಂ.ಶ್ರೀ. ಅದನ್ನು ಮಹಾಭಾರತಕ್ಕೆ ಕೂಡಿಸಿ ‘ಅಶ್ವತ್ಥಾಮನ್’ ಬರೆದರು.

ನಮ್ಮ ಕೋಟೆಯಲ್ಲೂ ಆ ಪ್ರಶ್ನೆ ಎದ್ದಿತ್ತು. ಕಿಲ್ಲೇದಾರನ ಶವವನ್ನು ಕಳಿಸಿಕೊಡುವುದಾಗಿ ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿಕಳಿಸಿದನಂತೆ. ಬಿದ್ದ ನೆಲದಲ್ಲೇ ಮಣ್ಣಾಗುವುದಕ್ಕಿಂತ ದೊಡ್ಡ ಮರ್ಯಾದೆ ಅವನಿಗಿಲ್ಲ ಎಂದು ಸುಲ್ತಾನ ಉತ್ತರಿಸಿದನೆಂದು ಇಂಗ್ಲಿಷರ ಬರಹಗಳೇ ಹೇಳುತ್ತವೆ. ಹಗೆಗಳಿಬ್ಬರೂ ಒಬ್ಬ ಮುದುಕನ ಸಾವಿನ ಮುಂದೆ ತಲೆಬಾಗಿದ್ದರು. ಮಾರ್ಕೆಟ್ ಬಳಿಯ ಒಂದು ದರ್ಗಾವನ್ನು ಜನ ಅವನ ಸಮಾಧಿಯೆಂದೇ ನಂಬುತ್ತಾರೆ.

ಕೋಟೆಯ ಗೋಡೆಯಲ್ಲಿ ಒಂದು ಕಲ್ಲುಫಲಕವಿದೆ. ಬ್ರಿಟಿಷರು ಒಡೆದು ನುಗ್ಗಿದ್ದು ಇಲ್ಲಿಂದ ಎಂದು ತಾರೀಖಿನ ಸಮೇತ ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ. ಆ ಒಡಕನ್ನು ಕಾಯುತ್ತ ಸತ್ತವನ ಹೆಸರು ಅದರಲ್ಲಿಲ್ಲ. ಆ ಕಲ್ಲನ್ನು ತೆಗೆಯುವುದು ಬೇಡ. ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲಿಸಿ, ಬಹಾದೂರ್ ಖಾನನ ಹೆಸರನ್ನು ಕನ್ನಡದಲ್ಲಿ ಕೆತ್ತಿಸಿ.