ಮುಚ್ಚಳ

ಕೆರೆ ಬತ್ತಿದಾಗ ಬಸವನಹುಳು ಕೆಸರಿನಲ್ಲಿ ಹುದುಗಿ, ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿಕೊಳ್ಳುತ್ತದೆ. ಮಳೆ ಬಂದರೆ ತೆರೆಯುತ್ತದೆ. ನೀಲಗಿರಿ ಮೊಗ್ಗಿನ ಟೋಪಿ ಹೂವಿಗೆ ದಾರಿ ಬಿಟ್ಟು ಉದುರುತ್ತದೆ. ಹೇಮಾವತಿಯ ಮೀನಿಗೆ ಕಿವಿರಿನ ಮುಚ್ಚಳ ತೆರೆಯದಿದ್ದರೆ ಉಸಿರಿಲ್ಲ. ನಮ್ಮ ಗಂಟಲಿನ ಮುಚ್ಚಳವೂ ಅಷ್ಟೇ: ತುತ್ತು ನುಂಗುವಾಗ ಶ್ವಾಸನಾಳವನ್ನು ಮುಚ್ಚಿ, ಮರುಕ್ಷಣ ತೆರೆಯುತ್ತದೆ.

ಅರಕಲಗೂಡಿನಲ್ಲಿ ಈ ಪಾಠ ಮಾಡಿದ ದಿನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಮಿಸ್, ನನಗೆ ಮದುವೆ ಗೊತ್ತುಮಾಡಿದ್ದಾರೆ" ಎಂದಳು. ಬಾಲ್ಯವಿವಾಹ ತಡೆಯುವ 2006ರ ಕಾಯ್ದೆ ನನಗೆ ತಿಳಿದಿತ್ತು. ಆದರೂ 'ಅವರ ಮನೆ ವಿಷಯ' ಎಂದು ಬಾಯಿ ಮುಚ್ಚಿಕೊಂಡೆ. ಅದನ್ನೇ ಸಭ್ಯತೆ ಎಂದುಕೊಂಡೆ. ಮುಂದಿನ ತಿಂಗಳು ಅವಳ ಜಾಗ ಖಾಲಿ.

ಮುಚ್ಚುವುದು ತಪ್ಪಲ್ಲ. ಕಾಪಾಡುವ ಮುಚ್ಚಳಕ್ಕೆ ತೆರೆಯುವ ಹೊತ್ತೂ ತಿಳಿದಿರಬೇಕು. ನನ್ನ ಮೌನ ಕಾಪಾಡಿದ್ದು ಯಾರನ್ನು? ನನ್ನನ್ನು ಮಾತ್ರ.