ಅರಸ ಬದಲಾದರೆ ಕಾಡು ಉಳಿಯುವುದೇ?



ಅರಸರ ಎರಡನೆಯ ಗ್ರಂಥವನ್ನು ಓದುತ್ತಾ ಹೋದರೆ ಮನಸ್ಸಿಗೆ ಆಯಾಸವಾಗುವುದುಂಟು. ಹಿಜ್ಕೀಯನು ವಿಗ್ರಹಗಳ ಸ್ಥಳಗಳನ್ನು ಕೆಡವಿದ. ಅವನ ಮಗ ಮನಸ್ಸೆ ಅವನ್ನೆಲ್ಲ ತಿರುಗಿ ಕಟ್ಟಿಸಿದ. ಮನಸ್ಸೆಯ ಮೊಮ್ಮಗ ಯೋಷೀಯನ ಕಾಲದಲ್ಲಿ ದೇವಾಲಯದ ದುರಸ್ತಿ ನಡೆಯುತ್ತಿದ್ದಾಗ, ಎಲ್ಲರೂ ಮರೆತಿದ್ದ ಧರ್ಮಶಾಸ್ತ್ರದ ಗ್ರಂಥ ಸಿಕ್ಕಿತು. ಅದನ್ನು ಕೇಳಿದ ಅರಸ ತನ್ನ ಬಟ್ಟೆ ಹರಿದುಕೊಂಡ. ಆ ಗ್ರಂಥ ಅಲ್ಲೇ ಇತ್ತು, ತೆರೆದು ಓದುವವರಿರಲಿಲ್ಲ!

ಪ್ರಪಂಚದಲ್ಲೇ ಅತಿ ಹೆಚ್ಚು ಕಥೋಲಿಕರಿರುವ ಬ್ರೆಜಿಲ್ ದೇಶದ ಕಥೆಯೂ ಹೀಗೆಯೇ. ಅಲ್ಲಿನ ಅಮೆಜಾನ್ ಪ್ರದೇಶದ ಕಾಡಿನಲ್ಲಿ ಜಮೀನು ಹೊಂದಿರುವವನು ಸಾಮಾನ್ಯವಾಗಿ ಅದರ ನೂರಕ್ಕೆ 80 ಭಾಗವನ್ನು ಕಾಡಾಗಿಯೇ ಉಳಿಸಬೇಕೆಂದು ಕಾನೂನಿದೆ. ಆದರೂ 2004ರ ಒಂದೇ ವರ್ಷದಲ್ಲಿ 27 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಕಾಡು ನಾಶವಾಯಿತು. ಅಧ್ಯಕ್ಷ ಲೂಲ ಅವರ ಸರ್ಕಾರದಲ್ಲಿ ಪರಿಸರ ಸಚಿವೆಯಾಗಿದ್ದ ಮರೀನಾ ಸಿಲ್ವಾ ರಬ್ಬರ್ ಹಾಲು ತೆಗೆಯುವವರ ಮಗಳು, ಹದಿನಾರರ ಹರೆಯದಲ್ಲಿ ಅಕ್ಷರ ಕಲಿತವರು. ಉಪಗ್ರಹದ ಚಿತ್ರ ನೋಡಿ ಅಧಿಕಾರಿಗಳು ಕಾಡಿಗೆ ಧಾವಿಸುವ ವ್ಯವಸ್ಥೆ ಆಗ ಬಂತು. 2008ರಿಂದ ಪರಿಸರ ಕಾನೂನು ಪಾಲಿಸದವರಿಗೆ ಬ್ಯಾಂಕಿನ ಕೃಷಿ ಸಾಲ ಸಿಗುವುದೂ ಕಷ್ಟವಾಯಿತು. (ಉಪದೇಶಕ್ಕೆ ಬಗ್ಗದವರೂ ಸಾಲಕ್ಕೆ ಬಗ್ಗುತ್ತಾರೆ, ನೋಡಿ!) 2012ರ ಹೊತ್ತಿಗೆ ಕಾಡುನಾಶ 4,600 ಚದರ ಕಿಲೋಮೀಟರಿನ ಆಸುಪಾಸಿಗೆ ಇಳಿದಿತ್ತು.

2019ರಲ್ಲಿ ಬೋಲ್ಸೊನಾರೊ ಅಧ್ಯಕ್ಷರಾದರು. ಕಾಡುನಾಶ ಏರುತ್ತಿದೆ ಎಂಬ ಅಂಕಿಅಂಶಗಳನ್ನು ಸಮರ್ಥಿಸಿಕೊಂಡ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ನಿರ್ದೇಶಕರನ್ನು ಆ ವರ್ಷವೇ ಹುದ್ದೆಯಿಂದ ತೆಗೆಯಲಾಯಿತು. ಶೇ. 80ರ ಕಾನೂನನ್ನು ಯಾರೂ ರದ್ದು ಮಾಡಿರಲಿಲ್ಲ, ಅದನ್ನು ಜಾರಿಗೊಳಿಸುವ ಕೈಗಳು ಸಡಿಲವಾದವು, ಅಷ್ಟೇ. 2021ರಲ್ಲಿ ನಾಶವಾದ ಕಾಡು 13 ಸಾವಿರ ಚದರ ಕಿಲೋಮೀಟರು ದಾಟಿತು. 2023ರ ಜನವರಿ 1ರಂದು ಲೂಲ ಮರಳಿ ಬಂದರು, ಮರೀನಾ ಸಿಲ್ವಾ ಮತ್ತೆ ಸಚಿವೆಯಾದರು. 2024ರ ಲೆಕ್ಕದಲ್ಲಿ ಅದು ಸುಮಾರು 6,300ಕ್ಕೆ ಇಳಿಯಿತು.

ಹಾಗೆಂದು ಲೂಲ ಅವರನ್ನು ಯೋಷೀಯನ ಪೀಠದಲ್ಲಿ ಕೂರಿಸುವ ಅವಸರ ಬೇಡ. 2025ರ ನವೆಂಬರಿನಲ್ಲಿ ಬೆಲೆಂ ನಗರದಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನ ನಡೆಯಲಿತ್ತು. ಅದಕ್ಕೆ ಒಂದು ತಿಂಗಳ ಮೊದಲಷ್ಟೇ ಅಮೆಜಾನ್ ನದಿಯ ಮುಖದ ಸಮೀಪದ ಕಡಲಿನಲ್ಲಿ ತೈಲಕ್ಕಾಗಿ ಕೊರೆಯಲು ಅವರದೇ ಸರ್ಕಾರದ ಪರಿಸರ ಇಲಾಖೆ ಅನುಮತಿ ನೀಡಿತು. ಯೋಷೀಯನ ಸುಧಾರಣೆಯಾದರೂ ಎಷ್ಟು ದಿನ ಬಾಳಿತು? ಅವನ ಮರಣದ ನಂತರ ಪಟ್ಟಕ್ಕೆ ಬಂದ ಮಗ ಆಳಿದ್ದು ಮೂರೇ ತಿಂಗಳು, ಅಷ್ಟರಲ್ಲೇ ಹಳೆಯ ದಾರಿ ಹಿಡಿದಿದ್ದ.

ಶುಭ ಶುಕ್ರವಾರದ ಆರಾಧನಾವಿಧಿಯಲ್ಲಿ ನಾವು ನಾಡನ್ನಾಳುವವರಿಗಾಗಿ ಮೊಣಕಾಲೂರಿ ಪ್ರಾರ್ಥಿಸುತ್ತೇವೆ. ಆ ಪ್ರಾರ್ಥನೆಯಲ್ಲಿ ಯಾವ ಪಕ್ಷದ ಹೆಸರೂ ಇಲ್ಲ. ನಮಗೆ ಮೆಚ್ಚಿದವರು ಗೆದ್ದಾಗ ಪ್ರಾರ್ಥನೆ ನಿಲ್ಲಿಸುವುದು, ಮೆಚ್ಚದವರು ಗೆದ್ದಾಗ ಶಪಿಸುವುದು ಸುಲಭ. ಸಂತ ಪೌಲರು ತಿಮೊಥೇಯನಿಂದ ಕೇಳಿದ್ದು ಅದನ್ನಲ್ಲ.

ಸಿಸ್ಟರ್ ಡೊರೊಥಿ ಸ್ಟ್ಯಾಂಗ್ ಅವರನ್ನು ನೀವು ಬಲ್ಲಿರಾ? ಅಮೆರಿಕದಲ್ಲಿ ಹುಟ್ಟಿದ ಈ ಕನ್ಯಾಸ್ತ್ರೀ ಬ್ರೆಜಿಲ್‌ನ ಪಾರಾ ರಾಜ್ಯದ ಅನಾಪುವಿನಲ್ಲಿ ಬಡ ರೈತರ ಜೊತೆ ಬಾಳಿದರು. ಕಾಡನ್ನು ಉಳಿಸಿಕೊಂಡೇ ಬೇಸಾಯ ಮಾಡುವುದನ್ನು ಅವರಿಗೆ ಕಲಿಸುತ್ತಿದ್ದರು. ಜಮೀನುದಾರರ ಅಕ್ರಮಗಳ ಬಗ್ಗೆ ಸರ್ಕಾರಕ್ಕೆ ದೂರು ಕೊಡುತ್ತಲೇ ಇದ್ದರು. 2005ರ ಫೆಬ್ರವರಿ 12ರಂದು ಕಾಡಿನ ದಾರಿಯಲ್ಲಿ ಬಾಡಿಗೆ ಹಂತಕರು ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 73 ವರ್ಷ. ಬಳಿಯಲ್ಲಿದ್ದದ್ದು ಬೈಬಲ್. ಅಂದು ಅಧಿಕಾರದಲ್ಲಿದ್ದದ್ದು ಲೂಲ ಅವರ ಸರ್ಕಾರವೇ. ಅದೇ ತಿಂಗಳು ಆ ಸರ್ಕಾರ ಪಾರಾ ರಾಜ್ಯದ ವಿಶಾಲ ಅರಣ್ಯವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು.