ಕಾವೇರಿಯೋ ಪಿನಾಕಿನಿಯೋ

(ಬೆಂಗಳೂರಿನ ಜಕ್ಕೂರು ಕೆರೆಯ ಏರಿ. ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು, ಅವರ ಹಳೆಯ ವಿದ್ಯಾರ್ಥಿನಿ. ಪಕ್ಕದಲ್ಲೇ ಒಬ್ಬರು ತೆಪ್ಪದಲ್ಲಿ ಕೂತು ಬಲೆ ಎಳೆಯುತ್ತಿದ್ದಾರೆ.)

ವಿದ್ಯಾರ್ಥಿನಿ: ಅನುಮತಿ ಸಿಕ್ಕರೆ ಸಾರ್, ಈ ಕೆರೆಯಲ್ಲಿ ದೋಣಿ ಬಿಟ್ಟು, ಹತ್ತು ಹತ್ತು ಜನರ ತಂಡ ಮಾಡಿ, ಅವರ ಕೈಯಲ್ಲೇ ಹುಟ್ಟು ಹಾಕಿಸ್ತೀನಿ. ರಂಗನತಿಟ್ಟಿನಲ್ಲಿ ದೋಣಿಯವರು ಹಕ್ಕಿ ತೋರಿಸಲ್ವಾ, ಹಾಗೆ. ಒಂದು ಗಂಟೆ ನೀರಿನ ಮೇಲೆ ಇದ್ದವರು ರಾಜಕಾಲುವೆಗೆ ಕಸ ಎಸೆಯೋಕೆ ಹಿಂಜರೀತಾರೆ.

ಮೇಷ್ಟ್ರು: ಅಲ್ಲಿ ಹರಿಯೋದು ಕಾವೇರಿ. ಇಲ್ಲಿ ಏನು ಹರಿಯುತ್ತೆ ಅಂತ ಹೇಳ್ತೀಯ?

ವಿದ್ಯಾರ್ಥಿನಿ: ಇದೂ ಹೊಳೆಯೇ ಅಲ್ವಾ? ಯಲಹಂಕ ಕೆರೆ ಕೋಡಿ ಬಿದ್ದರೆ ಇಲ್ಲಿಗೆ, ಇಲ್ಲಿಂದ ರಾಚೇನಹಳ್ಳಿಗೆ, ಹಾಗೇ ಕೆರೆಯಿಂದ ಕೆರೆಗೆ ಇಳಿದು ದಕ್ಷಿಣ ಪಿನಾಕಿನಿಗೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ನಿಲ್ಲಿಸಿದ್ದಾರೆ, ಅಷ್ಟೆ.

ಮೇಷ್ಟ್ರು: ಅದು ಮಳೆಗಾಲದ ಲೆಕ್ಕ ಕಣಮ್ಮ. ಏಪ್ರಿಲ್‌ನಲ್ಲಿ? ಮೇಲ್ಗಡೆ ಶುದ್ಧೀಕರಣ ಘಟಕ ಇದೆಯಲ್ಲ, ದಿನಕ್ಕೆ 1 ಕೋಟಿ ಲೀಟರ್ ಕೊಳಚೆ ನೀರಿಗೆ ಅಂತ ಮೊದಲು ಕಟ್ಟಿದ್ದು. ಅಲ್ಲಿ ಬಿಟ್ಟ ನೀರು ಜೊಂಡಿನ ಸಂದಿಯಲ್ಲಿ ನಿಧಾನಕ್ಕೆ ಸಾಗಿ, ಸಾರಜನಕ, ರಂಜಕ ಒಂದಷ್ಟು ಕಳಕೊಂಡು ಕೆರೆಗೆ ಬರುತ್ತೆ. ಬೇಸಿಗೆಯಲ್ಲಿ ಹೆಜ್ಜಾರ್ಲೆ ಈಜೋದು ನಮ್ಮ ಬಚ್ಚಲ ನೀರಲ್ಲಿ. ಆ ಬಚ್ಚಲಿಗೆ ನೀರೆಲ್ಲಿಂದ ಬಂತು?

ವಿದ್ಯಾರ್ಥಿನಿ: ಬೋರ್‌ವೆಲ್. ಕಾವೇರಿ ಬರೋ ಮನೆಗೆ ಕಾವೇರಿ.

ಮೇಷ್ಟ್ರು: ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಪಂಪು ಮಾಡಿ ಈ ದಿಣ್ಣೆಗೆ ಎತ್ತಿದ ನೀರು. ಊರಿನ ಪಡುವಣ ಮಗ್ಗುಲಲ್ಲಿ ಚೆಲ್ಲಿದ್ದು ವೃಷಭಾವತಿ, ಅರ್ಕಾವತಿ ಹಿಡಿದು ಮತ್ತೆ ಕಾವೇರಿಗೇ ಹೋಗುತ್ತೆ. ಈ ಮಗ್ಗುಲಿನದು ಹೋಗಲ್ಲ. ಯಲಹಂಕದಲ್ಲಿ ಯಾರೋ ಕೈತೊಳೆದ ಕಾವೇರಿ ಪಿನಾಕಿನಿ ಪಾಲಾಗಿ, ಕಡಲೂರಿನ ಹತ್ತಿರ ಸಮುದ್ರ ಸೇರೋ ದಾರಿ ಹಿಡೀತು. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನ ಚಿಕ್ಕಬಳ್ಳಾಪುರದ ಕೆರೆಗಳಿಗೂ ಎತ್ತುತ್ತಾರೆ. ನದಿ ಜೋಡಣೆಗೆ ದೆಹಲಿಯಲ್ಲಿ ಎಷ್ಟು ಕಡತ ತಿರುಗುತ್ತೆ! ನಮ್ಮ ಅಡುಗೆಮನೆ ಸಿಂಕು ಸದ್ದಿಲ್ಲದೆ ಮಾಡಿ ಮುಗಿಸಿದೆ.

ವಿದ್ಯಾರ್ಥಿನಿ: ಹಾಗಾದ್ರೆ ಇದು ಪ್ರಕೃತಿ ಅಲ್ಲ ಅಂತೀರಾ?

ಮೇಷ್ಟ್ರು: ಹೆಜ್ಜಾರ್ಲೆಗೆ ಆ ಅನುಮಾನ ಇಲ್ಲ, ಅದಕ್ಕೆ ಮೀನು ಸಿಕ್ಕರೆ ಆಯ್ತು. ನನ್ನ ತಕರಾರು ನಿನ್ನ ಬೆರಳಿನ ಬಗ್ಗೆ. ತಂಡ ಕರ್ಕೊಂಡು ಹೋದೋರ ಬೆರಳು ಮಿಂಚುಳ್ಳಿ ಕಡೆಗೇ ಹೋಗುತ್ತೆ, ಪೈಪಿನ ಕಡೆ ತಿರುಗಲ್ಲ.

ವಿದ್ಯಾರ್ಥಿನಿ: ಪೈಪು ತೋರಿಸಿದ್ರೆ ಮುಂದಿನ ಭಾನುವಾರ ಯಾರು ಬರ್ತಾರೆ? ಮೊದಲು ಪ್ರೀತಿ ಹುಟ್ಟಲಿ ಸಾರ್.

ಮೇಷ್ಟ್ರು: ಯಾವುದರ ಮೇಲೆ? ಇಲ್ಲದ ತಿಳಿಹೊಳೆ ಮೇಲೆ ಪ್ರೀತಿ ಹುಟ್ಟಿದ್ರೆ, ಘಟಕದ ನೀರು ಒಂದು ಹನಿಯೂ ಬರಕೂಡದು ಅಂತ ಅರ್ಜಿ ಕೊಡ್ತಾರೆ. ಆಮೇಲೆ ಬೇಸಿಗೆಯಲ್ಲಿ ಕೆರೆಗೆ ನೀರೆಲ್ಲಿದೆ?

ವಿದ್ಯಾರ್ಥಿನಿ: ಅದಕ್ಕೇ ದೋಣಿ ಬೇಕು ಅನ್ನೋದು. ನೀವು ಈಗ ಹೇಳಿದ್ದು ಏರಿ ಮೇಲೆ ಬರೀ ಪಾಠ. ನೊರೆ ಬಂದು ಹುಟ್ಟಿಗೆ ಮೆತ್ತಿಕೊಂಡು, ವಾಸನೆ ಮೂಗಿಗೆ ಬಡಿದಾಗ ‘ಇದು ನಮ್ಮ ಮನೇದೇ’ ಅಂತ ಅವರೇ ಅಂತಾರೆ.

ಮೇಷ್ಟ್ರು: ಒಪ್ಪಿದೆ. ಹಕ್ಕಿಗಳ ಮಾತೇನು? ರಂಗನತಿಟ್ಟು 1940ರಿಂದ ಪಕ್ಷಿಧಾಮ. ಅಲ್ಲಿನ ಹಕ್ಕಿಗೆ ದೋಣಿ ದಿನಾ ನೋಡಿ ಅಭ್ಯಾಸ. ಇಲ್ಲಿ ವಾರಕ್ಕೊಂದು ಸಲ ಬಣ್ಣಬಣ್ಣದ ದೋಣಿ ನುಗ್ಗಿದ್ರೆ, ಚಳಿಗಾಲಕ್ಕೆ ಬಂದ ಬಾತುಗಳು ಎದ್ದು ಹೋಗ್ತವೆ.

ವಿದ್ಯಾರ್ಥಿನಿ: ಅಣ್ಣನ ತೆಪ್ಪದ ಹತ್ತಿರವೇ ನೀರುಕಾಗೆ ಆರಾಮಾಗಿ ಕೂತಿದೆಯಲ್ಲ!

ಮೀನುಗಾರ: ನಾನು ಅದರ ಕಡೆ ನೋಡಲ್ವಲ್ಲಮ್ಮ. ಬಲೆ ನೋಡ್ತೀನಿ. ಹತ್ತು ಜನ ಒಟ್ಟಿಗೆ ಅದರ ಮುಖಾನೇ ನೋಡ್ಕೊಂಡು ಬಂದ್ರೆ ಇರ್ತದಾ?

ವಿದ್ಯಾರ್ಥಿನಿ: ಹಾಗಾದ್ರೆ ನೋಡೋದೇ ತಪ್ಪಾ ಅಣ್ಣ?

ಮೀನುಗಾರ: ಕೈಗೊಂದು ಕೆಲಸ ಇಟ್ಕೊಂಡು ನೋಡಿ.

ವಿದ್ಯಾರ್ಥಿನಿ: ಕೆಲಸ ಕೊಡ್ತೀನಿ. ಕರಗಿದ ಆಮ್ಲಜನಕ ಅಳೆಯೋದು, ತೇಲೋ ಪ್ಲಾಸ್ಟಿಕ್ ಜಾಳಿಗೆಯಲ್ಲಿ ಎತ್ತೋದು. ಮೊದಲು ಘಟಕದ ಗೇಟಿಂದ ಜೊಂಡಿನವರೆಗೆ ನಡೆದು ಬಂದು, ಆಮೇಲೇ ದೋಣಿ. ಸರಿನಾ ಸಾರ್?

ಮೇಷ್ಟ್ರು: ಚಳಿಗಾಲ ಬಿಟ್ಟುಬಿಡು. ವಲಸೆ ಹಕ್ಕಿ ಹೋದ ಮೇಲೆ, ಏಪ್ರಿಲ್‌ನಲ್ಲಿ ಕರ್ಕೊಂಡು ಬಾ.

ವಿದ್ಯಾರ್ಥಿನಿ: ಆ ಬಿಸಿಲಿಗಾ? ಅರ್ಧ ಜನಾನೂ ಬರಲ್ಲ. ನೀವಾದ್ರೂ ಬರ್ತೀರಾ?

ಮೇಷ್ಟ್ರು: ನನಗೆ ಹುಟ್ಟು ಹಾಕೋಕೆ ಬರಲ್ಲ.

ಮೀನುಗಾರ: ಬನ್ನಿ ಮೇಷ್ಟ್ರೇ, ಚೊಂಬು ಕೊಡ್ತೀನಿ. ತೆಪ್ಪದೊಳಕ್ಕೆ ಬಂದ ನೀರು ಮೊಗೆದು ಆಚೆ ಹಾಕಿ.